ಗುಡ್ಡದ ಕಟಗಿ ಜಗಳ ಹೆಣ್ಮಕ್ಕಳು ಬಗಿಹರಿಸ್ಯಾರ, ಈಗ ಅದನ್ನ ಕಾಗದದ ಮ್ಯಾಲೆ ತರಬೇಕೋ ಬ್ಯಾಡೋ?

ಮುಂಡರಗಿ ಮಗಳು:
ಎಲ್ಲಾರಿಗೂ ನಮಸ್ಕಾರ್ರಿ. ಒಂದು ವಿಷಯದಾಗ ನಿಮ್ಮ ವಿಚಾರ ಬೇಕಾಗೇತಿ, ಉದ್ದ ಐತಿ, ತಾಳ್ಮಿಲೆ ಓದ್ರಿ. ನಮ್ಮೂರು ಕಪ್ಪತಗುಡ್ಡದ ಬುಡಕ್ಕ ಐತಿ, ಹೆಸರ ಬರಿಯಂಗಿಲ್ಲ ಯಾಕಂದ್ರ ಇನ್ನೂ ಎರಡು ಮೂರು ಮನ್ಯಾಗ ಸಿಟ್ಟು ಇಳದಿಲ್ಲ.

ಗುಡ್ಡದ ಕತಿ ಗದಗ ಜಿಲ್ಲಾದವರಿಗೆ ಹೊಸಾದಲ್ಲ. 2015ರಾಗ ಸಂರಕ್ಷಣಾ ಮೀಸಲು ಅಂದ್ರು, 2016ರಾಗ ಅದನ್ನ ವಾಪಸ್ ತಗದ್ರು, ಜನ ಬೀದಿಗಿಳದ ಮ್ಯಾಲೆ 2017ರಾಗ ತಿರುಗಿ ಕೊಟ್ರು, 2019ರಾಗ ವನ್ಯಜೀವಿಧಾಮ ಮಾಡಿದ್ರು, 244 ಚದರ ಕಿಲೋಮೀಟರ್. ಗಣಿ ಬ್ಯಾಡ ಅನ್ನೂ ಹೋರಾಟಕ್ಕ ನಮ್ಮೂರ ಹೆಣ್ಮಕ್ಕಳೂ ಬುತ್ತಿ ಕಟಗೊಂಡು ಹೋಗಿದ್ರು. ಗುಡ್ಡ ಉಳೀತು, ಛಲೋ ಆತು. ಆದ್ರ ಧಾಮ ಆದ ಮ್ಯಾಲೆ ಕಟಗಿಗೆ ಹುಲ್ಲಿಗೆ ಹೋಗೂ ಹಾದಿ ಇಕ್ಕಟ್ಟಾತು, ಗಾರ್ಡ್ ಅಡ್ಡಾಡೂ ಕಡಿ ಬಿಟ್ಟು ಎಲ್ಲಾರೂ ಒಂದ ಇಳಿಜಾರಿಗೆ ಮುಕ್ರಾಕ ಹತ್ತಿದ್ರು, ಅಲ್ಲಿಗೆ ಬಾಜೂ ಊರವರೂ ಬರ್ತಾರ, ಮ್ಯಾಲಿನ ತಾಂಡಾದವರೂ ಬರ್ತಾರ. ಮೊದಲ ಬಾಯಿ ಬಾಯಿ ಆತು, ಆಮ್ಯಾಲೆ ಹಗ್ಗ ಕುಡಗೋಲ ಕಸಗೊಳ್ಳೂದು ಶುರು ಆತು, ಒಬ್ಬಾಕಿ ಕೈಗೆ ಕುಡಗೋಲ ತಾಗಿ ಹೊಲಿಗಿ ಬಿದ್ದವು.

ಗಂಡಸರು ಕಟ್ಟಿ ಮ್ಯಾಲೆ ಪಂಚಾಯ್ತಿ ಕೂಡಿದ್ರು. ಅದು ಹೆಂಗ ನಡೀತೈತಿ ನಿಮಗ ಗೊತ್ತದ, ಈ ಗುಡ್ಡದ ಹದ್ದು ಯಾರ್ದು, ನಮ್ಮ ಮುತ್ಯಾನ ಕಾಲಕ್ಕ ಕಲ್ಲು ಎಲ್ಲಿತ್ತು, ಯಾವ ಸರ್ವೆ ನಂಬರು. ಯಾರೂ ಸೋಲಾಕ ತಯಾರಿಲ್ಲ. ಕಡೀಕ ಠಾಣೆ ಮಟಾ ಹೋತು.

ಬಗಿಹರದದ್ದು ದುರ್ಗವ್ವನ ಉಡಿ ತುಂಬೂ ದಿನ. ನಮ್ಮೂರಾಗ ಮೂರು ಮಂದಿ ಹಿರೇ ಹೆಣ್ಮಕ್ಕಳು ಅದಾರ, ಮೂವರ ತವರೂ ಆ ಬಾಜೂ ಊರ. ಅವರ ಮೊದಲ ಹೋಗಿದ್ದು, ಜಗಳ ಬಿಡಸಾಕಂತ ಅಲ್ಲ, ಉಡಿ ತುಂಬಾಕಂತ. ಗುಡಿ ಹಿಂದ ಕುಂತು ಹದ್ದಿನ ಮಾತ ಎತ್ತಲಿಲ್ಲ ಅಂತ. ನಿಮ್ಮನ್ಯಾಗ ದಿನಕ್ಕ ಒಲಿ ಎಷ್ಟು ಹೊತ್ತು ಉರೀತೈತಿ, ದನ ಎಷ್ಟು, ಬಾಣಂತಿ ಯಾರ ಮನ್ಯಾಗ ಅದಾಳ, ಇಷ್ಟ ಕೇಳ್ಯಾರ. ಮುಂದಿನ ವಾರ ಆ ಊರವರು ಇಲ್ಲಿಗೆ ಬಂದ್ರು. ಹಿಂಗ ಹೋಗಿ ಬಂದು ಮಾಡಿ ಕಟ್ಟು ಹಾಕಿದ್ರು:

ಕೊಡ್ಲಿ ಗುಡ್ಡಕ್ಕ ಒಯ್ಯಂಗಿಲ್ಲ. ಕೈಲೆ ಮುರದ್ರ ಮುರಿಬೇಕು, ಬಿದ್ದದ್ದು ಆರಸಬೇಕು. ಹೊರಿ ಕಟ್ಟೂ ಹಗ್ಗ ಎಲ್ಲಾರ್ದೂ ಒಂದ ಉದ್ದ, ಒಬ್ಬರ ಮನಿ ಜಗಲಿ ಮ್ಯಾಲೆ ಕುಂತು ಹೊಸ ಹಗ್ಗ ಮೊಳ ಹಾಕಿ ಕತ್ತರಿಸಿ ತುದಿಗೆ ಕೆಂಪು ಅರಿವಿ ಚೂರು ಗಂಟು ಹಾಕಿ ಕೊಟ್ಟಾರ, ಹಗ್ಗ ಎಷ್ಟು ಸುತ್ತತೈತಿ ಅಷ್ಟ ಹೊರಿ. ಒಂದು ದಿನ ನಾವು, ಒಂದು ದಿನ ಅವರು, ಮಂಗಳಾರ ಯಾರೂ ಇಲ್ಲ ದ್ಯಾಮವ್ವನ ವಾರ. ಬಾದಿ ಹುಲ್ಲಿಗೆ ದೀಪಾವಳಿ ಮುಗಿಯೂ ತನಕ ಕುಡಗೋಲ ಹಾಕಂಗಿಲ್ಲ, ಬೀಜ ಉದುರಲಿ ಅಂತ. ವಯಸ್ಸಾದಾಕಿ, ಒಬ್ಬಂಟಿ ಹೆಣ್ಮಗಳು, ಬಸುರಿ ಇದ್ರ ಬುಡದಾಗಿಂದು ಅವರಿಗೆ ಬಿಡಬೇಕು.

ದಂಡ ಕೇಳ್ರಿ, ರೊಕ್ಕ ಅಲ್ಲ. ಕಟ್ಟು ಮುರದು ಸಿಕ್ಕಿಬಿದ್ದಾಕಿ ಆ ಹೊರಿ ತಾನ ಹೊತಗೊಂಡು ಹೋಗಿ ಎದುರು ಊರಿನ ಬಾಣಂತಿ ಮನಿಗೆ ಹಾಕಬೇಕು, ಆ ಮನ್ಯಾಗ ಚಾ ಕುಡದು ಬರಬೇಕು. ಬಾಣಂತಿ ನೀರಿಗೆ ಎಷ್ಟು ಕಟಗಿ ಬೇಕು ಅಂತ ಹೆಣ್ಮಕ್ಕಳಿಗೆ ಗೊತ್ತದ, ಹಂಗಾಗಿ ಇದು ದಂಡಾನೂ ಆತು, ಪುಣ್ಯದ ಕೆಲಸಾನೂ ಆತು. ಒಬ್ಬಾಕಿ ನಮ್ಮೂರಾಕಿ ಹಂಗ ಹೋಗಿದ್ಲು, ಚಾ ಜತಿ ಅವಲಕ್ಕಿ ತಿಂದು ಬಂದಾಳ, ಈಗ ಆ ಮನಿ ಕೂಸಿಗೆ ಕುಲಾಯಿ ಹೊಲಿಯಾಕತ್ತಾಳ.

ಈಗ ಪ್ರಶ್ನೆ. ಪಂಚಾಯ್ತಿ ಮೆಂಬರ್ ಒಬ್ರು ಇದನ್ನ ಗ್ರಾಮಸಭೆದಾಗ ಠರಾವು ಮಾಡಿಸಿ ಬರದಿಡೂಣು ಅನ್ನಾಕತ್ತಾರ. ಹಿರೇರು ಬ್ಯಾಡ ಅಂತಾರ, ಬರದ್ರ ಕೆಡತೈತಿ ಅಂತಾರ. ನಾ ನಡುವ ಸಿಕ್ಕೀನಿ. ಏನ್ ಮಾಡೂದು?

ಹುಬ್ಬಳ್ಳಿ ಹುಡುಗ ಬೆಂಗಳೂರಾಗ:
ಮಸ್ತ್ ಐತ್ರಿ ಇದು. ಆದ್ರ ಒಂದು ಡೌಟು, ಈಗ ಎಲ್ಲಾರ ಮನ್ಯಾಗೂ ಗ್ಯಾಸ್ ಐತಲ್ಲ? ಉಜ್ವಲಾ ಬಂದು ಎಷ್ಟು ವರ್ಷ ಆತು. ಇನ್ನೂ ಯಾಕ ಗುಡ್ಡ ಹತ್ತೂದು.

ಮುಂಡರಗಿ ಮಗಳು:
ಉಜ್ವಲಾ 2016ರಾಗ ಬಂತಣ್ಣ, ಸಿಲಿಂಡರ್ ನಮ್ಮನ್ಯಾಗೂ ಐತಿ, ಚಾ ಮಾಡಾಕ, ನೆಂಟರು ಬಂದ್ರ ಉಪ್ಪಿಟ್ಟಿಗೆ. ಎಂಟು ಮಂದಿಗೆ ಎರಡೂ ಹೊತ್ತು ಜ್ವಾಳದ ರೊಟ್ಟಿ ಗ್ಯಾಸ್ ಮ್ಯಾಲೆ ಬಡದ್ರ ಸಿಲಿಂಡರ್ ಎಷ್ಟು ದಿನ ಬರತೈತಿ ನೀವ ಲೆಕ್ಕಾ ಹಾಕ್ರಿ. ಜಳಕದ ನೀರು, ದನದ ಹುರಳಿ ಕುದಸೂದು ಬ್ಯಾರೆ. ಅಸ್ತ್ರ ಒಲಿ ಅಂತ ನಮ್ಮ ಅವ್ವನ ಕಾಲಕ್ಕ ಹಾಕಿದ್ರು, ಕಟಗಿ ಕಡಿಮಿ ಹಿಡೀತಿತ್ತು ಖರೆ, ಚಿಮಣಿ ಒಡದ ಮ್ಯಾಲೆ ರಿಪೇರಿ ಮಾಡವರು ಬರಲಿಲ್ಲ.

ಹುಬ್ಬಳ್ಳಿ ಹುಡುಗ ಬೆಂಗಳೂರಾಗ:
ಓಕೆ ಅಕ್ಕಾರ ಅರ್ಥ ಆತು 🙏

ಹಾನಗಲ್ಲ ಹಳಬ:
ಇದನ್ನ ಓದಿ ನನಗ ಕುಸನೂರು ನೆನಪಾತು. ಈಗಿನ ಹುಡುಗರಿಗೆ ಗೊತ್ತಿಲ್ಲ ಅಂತ ಬರೀತೀನಿ. ನಮ್ಮ ಹಾನಗಲ್ಲ ತಾಲೂಕು ಆವಾಗ ಧಾರವಾಡ ಜಿಲ್ಲಾದಾಗ ಇತ್ತು, ಹಾವೇರಿ ಜಿಲ್ಲಾ ಆಗಿದ್ದು 1997ಕ್ಕ. 1984ರಾಗ ಕಟಗಿಯಿಂದ ತಿರುಳು (ಪಲ್ಪ್) ಮಾಡೂ ಹರಿಹರ ಪಾಲಿಫೈಬರ್ಸ್‌ನವರೂ ಸರ್ಕಾರದ ಅರಣ್ಯ ನಿಗಮಾನೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಒಂದು ಕಂಪನಿ ಮಾಡಿದ್ರು, ಊರೂರ ಸಿ ಆಂಡ್ ಡಿ ಜಮೀನು (ಸಾಗುವಳಿ ಇಲ್ಲದ ಸರ್ಕಾರಿ ಜಮೀನು) ಸುಮಾರು 30,000 ಹೆಕ್ಟೇರ್ ಅದಕ್ಕ ಕೊಟ್ಟು ನೀಲಗಿರಿ ಹಚ್ಚೂ ಪ್ಲಾನು. ಆ ಜಮೀನು ಅಂದ್ರ ನಮ್ಮ ದನದ ಮೇವು, ನಮ್ಮ ಕಟಗಿ. ನೀಲಗಿರಿ ಎಲಿ ದನ ಮೂಸೂದಿಲ್ಲ.

1987 ನವೆಂಬರ್ 14ಕ್ಕ ಕುಸನೂರಾಗ ಸತ್ಯಾಗ್ರಹ ಆತು, ಕಿತ್ತಿಕೋ ಹಚ್ಚಿಕೋ ಅಂತ ಹೆಸರು. ನೀಲಗಿರಿ ಸಸಿ ಕಿತ್ತು ಆ ಜಾಗಾದಾಗ ಹಣ್ಣು ಮೇವು ಕೊಡೂ ಸಸಿ ಹಚ್ಚಿದ್ರು, ಗಂಡಸರು ಹೆಂಗಸರು ಕೂಡೇ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಹಿರೇಮಠರು ಮುಂದಾಳು, ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಅರ್ಜಿದಾಗ ಇದ್ರು. 1991ರ ಹೊತ್ತಿಗೆ ಕಂಪನಿ ಬಾಗಲಾ ಮುಚ್ಚಿತು.

ಇದೆಲ್ಲಾ ಪೇಪರಿನ್ಯಾಗ ಬಂದಿದ್ದು. ಬರದದ್ದು ಹೇಳ್ತೀನಿ. ಕಂಪನಿ ಜತಿ ಜಗಳ ಮುಗದ ಮ್ಯಾಲೆ ನಮ್ಮ ಕಡಿ ಊರಾಗ ಒಳಜಗಳ ಶುರು ಆದವು, ಈ ಜಾಗಾದಾಗ ಏನ್ ಹಚ್ಚೂದು ಅಂತ. ಗಂಡಸರು ಅಕೇಶಿಯಾ ಹಚ್ಚೂಣು, ಹರಾಜಿಗೆ ರೊಕ್ಕ ಬರತೈತಿ, ಗುಡಿ ಕಟ್ಟಸೂಣು ಅಂದ್ರು. ಹೆಣ್ಮಕ್ಕಳು ಹೊಂಗಿ, ಹುಣಸಿ, ಬೇವು, ನೆಲ್ಲಿ ಅಂದ್ರು. ಅವರ ತರ್ಕ ನನಗ ಇವತ್ತಿಗೂ ಸರಿ ಅನಸತೈತಿ: ಕಡದು ಮಾರೂ ಗಿಡ ಒಂದ ಸಲಾ ಕೊಡತೈತಿ, ಆ ರೊಕ್ಕ ಯಾರ ಕೈಯಾಗ ಹೊಕ್ಕತೈತಿ ಗೊತ್ತಾಗೂದಿಲ್ಲ, ಉದರೂ ಗಿಡ ವರ್ಷಾ ಕೊಡತೈತಿ, ಆರಿಸಿದಾಕಿ ಉಡ್ಯಾಗ ಬೀಳತೈತಿ. ಕಡೀಕ ಬದುವಿನ ಸುತ್ತ ಅವರದು, ನಡುವ ಇವರದು ಅಂತ ಆತು. ನಡುವಿಂದು ಹರಾಜಾತು, ಗುಡಿ ಗೋಪುರ ಅರ್ಧಕ್ಕ ನಿಂತೈತಿ. ಹುಣಸಿ ಇನ್ನೂ ಅದಾವ.

ಕಾಯ್ದೆ ಕಾಕಾ:
ಅಕ್ಕಾರ, ಮೆಂಬರ್ ಹೇಳಿದ್ದು ಪೂರ್ತಿ ತಪ್ಪಲ್ಲ ಆದ್ರ ಅವರು ಹೇಳೂ ರೀತಿ ಠರಾವು ಮಾಡಿದ್ರ ನೀವ ನಿಮ್ಮ ಕೈಲೆ ಕೇಸ್ ಬರದು ಕೊಟ್ಟಂಗ. ಯಾಕಂದ್ರ 2000ನೇ ಇಸವಿ ಫೆಬ್ರುವರಿ 14ರ ಸುಪ್ರೀಂ ಕೋರ್ಟ್ ಆದೇಶ ಐತಿ, ಗೋದಾವರ್ಮನ್ ಅನ್ನೂ ಕಾಡು ಉಳಸೂ ಕೇಸಿನ್ಯಾಗ, ರಾಷ್ಟ್ರೀಯ ಉದ್ಯಾನ ಮತ್ತ ಧಾಮದಿಂದ ಸತ್ತ ಗಿಡ, ಗಾಳಿಗೆ ಬಿದ್ದ ಗಿಡ, ಹುಲ್ಲು ಸುದ್ದಾ ತಗಸಬಾರದು ಅಂತ ಸರ್ಕಾರಗಳಿಗೆ ಹೇಳೇತಿ. 1972ರ ವನ್ಯಜೀವಿ ಕಾಯ್ದೆ 29ನೇ ಕಲಂನ್ಯಾಗ ಪರವಾನಗಿ ಇಲ್ಲದ ಅರಣ್ಯ ಉತ್ಪನ್ನ ತಗಿಯಂಗಿಲ್ಲ, ತಗದದ್ದನ್ನ ಸುತ್ತಲಿನ ಜನರ ಸ್ವಂತ ಬಳಕಿಗೆ ಕೊಡಬಹುದು, ಮಾರಾಟಕ್ಕ ಅಲ್ಲ ಅಂತ ಐತಿ. ಈಗ ನೀವು "ಸೋಮಾರ ನಮ್ಮೂರು, ಬುಧವಾರ ಅವರೂರು, ಹೊರಿ ಇಷ್ಟು" ಅಂತ ಸಹಿ ಸಿಕ್ಕಾ ಹಾಕಿ ಬರದ್ರ ಅದು ಒಪ್ಪಂದ ಅಲ್ಲ, ತಪ್ಪೊಪ್ಪಿಗಿ.

ಇನ್ನೊಂದು ಹಾದಿ ಐತಿ. 2006ರ ಅರಣ್ಯ ಹಕ್ಕು ಕಾಯ್ದೆ. ಅದು ಧಾಮಕ್ಕೂ ಅನ್ವಯ ಆಗತೈತಿ, ಭಾಳ ಮಂದಿಗೆ ಇದು ಗೊತ್ತಿಲ್ಲ. ಒಬ್ಬೊಬ್ಬರ ಜಮೀನಿಗೆ ನಮೂನೆ ಎ, ಊರಿನ ಸಾಮುದಾಯಿಕ ಹಕ್ಕಿಗೆ ನಮೂನೆ ಬಿ. ಅರಣ್ಯ ಹಕ್ಕು ಸಮಿತಿ 10ರಿಂದ 15 ಮಂದಿ, ಅದರಾಗ ಮೂರರಾಗ ಒಂದು ಭಾಗ ಹೆಣ್ಮಕ್ಕಳು ಇರಲೇಬೇಕು. ಗ್ರಾಮಸಭೆ ಕೋರಂ, ಅಂದ್ರ ಕಡಿಮಿ ಅಂದ್ರೂ ಬರಬೇಕಾದ ಮಂದಿ, ಸದಸ್ಯರಾಗ ಅರ್ಧ, ಬಂದವರಾಗ ಮೂರರಾಗ ಒಂದು ಭಾಗ ಹೆಣ್ಮಕ್ಕಳು. ಪರಿಶಿಷ್ಟ ಪಂಗಡದವರು ಅಲ್ಲದಿದ್ರ 2005 ಡಿಸೆಂಬರ್ 13ಕ್ಕಿಂತ ಮೊದಲ ಮೂರು ತಲೆಮಾರು ಅಂದ್ರ 75 ವರ್ಷದ ವಾಸ, ಮತ್ತ ಕಾಡಿನ ಅವಲಂಬನೆ ತೋರಸಬೇಕು, ಇಲ್ಲೇ ಎಲ್ಲಾರೂ ಸೋಲೂದು.

ಆದ್ರ ಸಾಕ್ಷಿ ಏನೇನು ನಡೀತಾವ ಅನ್ನೂದನ್ನ ನಿಯಮ 13ರಾಗ ಓದ್ರಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರದು ತಗೊಂಡದ್ದು, ಅದೂ ಸಾಕ್ಷಿ. ಹಳೇ ಬಾವಿ, ಸುಡುಗಾಡು, ದೇವರ ಜಾಗಾ ಅವೂ ಸಾಕ್ಷಿ. ಒಂದಕ್ಕಿಂತ ಹೆಚ್ಚು ಬೇಕು ಅಷ್ಟ. ಆ ಮೂವರು ಹಿರೇ ಹೆಣ್ಮಕ್ಕಳ ಅವ್ವಂದಿರು ಯಾವ ಹಾದಿಲೆ ಗುಡ್ಡ ಹತ್ತತಿದ್ರು, ಎಲ್ಲಿ ನೀರು ಕುಡೀತಿದ್ರು, ಯಾವ ಕಲ್ಲಿಗೆ ಕುಂಕುಮ ಹಚ್ಚತಿದ್ರು ಅದನ್ನ ಬರಸ್ರಿ.

ಕಲಘಟಗಿ ಕಡೆಯಂವ:
ನಾ ಅರಣ್ಯದಾಗ ವಾಚರ್ ಕೆಲಸ ಮಾಡೀನಿ ಹಂಗಾಗಿ ಆ ಕಡಿ ಮಾತೂ ಕೇಳ್ರಿ ಸ್ವಲ್ಪ. ಎಲ್ಲಾ ಗಾರ್ಡ್ ಕೆಟ್ಟವರಲ್ಲ. ಒಬ್ಬಾಂವ ಎಷ್ಟು ಗುಡ್ಡ ಕಾಯ್ತಾನ? ಫೆಬ್ರುವರಿ ಮಾರ್ಚ್‌ನ್ಯಾಗ ಬೆಂಕಿ ಬಿತ್ತಂದ್ರ ಹಸಿ ಟೊಂಗಿ ಹಿಡಕೊಂಡು ಬಡಿಯೂದು, ಊರಾಗಿಂದ ಯಾರೂ ಬರೂದಿಲ್ಲ. ಹುಲ್ಲು ಒಣಗಿ ನಿಂತಿದ್ರ ಬೆಂಕಿ ಓಡತೈತಿ, ಕೊಯ್ದಿದ್ರ ನಿಲ್ಲತೈತಿ, ಇದು ನಮಗೂ ಗೊತ್ತು. ಹೆಣ್ಮಕ್ಕಳು ಕೊಯ್ದ ಪಟ್ಟಿ ನಮಗ ಬೆಂಕಿ ರೇಖೆ ಆಗತಿತ್ತು. ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲ ಅಷ್ಟ, ರೂಲ್ಸ್ ಬ್ಯಾರೆ ಹೇಳತೈತಿ.

ಕೊಡ್ಲಿ ಒಯ್ಯಬಾರದು ಅನ್ನೂ ಕಟ್ಟು ಐತಲ್ಲ, ಅದಕ್ಕ ನಾನೊಂದು ಮಾತು ಹೇಳ್ತೀನಿ. ನಮಗ ರಾತ್ರಿ ಯಾರ ಕಡದಾರ ಅಂತ ಹುಡುಕೂದು ಕಷ್ಟ. ಹೆಣ್ಮಕ್ಕಳಿಗೆ ಮುಂಜಾನೆ ಬುಡ ನೋಡಿದ್ರ ಗೊತ್ತಾಗತೈತಿ, ಇದು ಹೊರಿ ಮಾಡಾಕ ಕಡದದ್ದಲ್ಲ, ಗಾಡಿ ತುಂಬಾಕ ಕಡದದ್ದು ಅಂತ. ಪತ್ತೆ ಅವರ ಹಚ್ಚತಾರ, ಹೆಸರ ಮಾತ್ರ ಹೇಳೂದಿಲ್ಲ. ಸಂಜೀಕ ಆ ಮನಿ ಮುಂದ ನಿಂತು ಯಾರನ್ನೋ ಬೈದಂಗ ಮಾಡಿ ಬೈದು ಹೊಕ್ಕಾರ. ಮತ್ತ ಅವನು ಆ ಕಡಿ ಬರೂದಿಲ್ಲ.

ಧಾರವಾಡ ಓದಾಕಿ:
ನಾನು ಇದೇ ವಿಷಯದಲ್ಲಿ ಓದ್ತಾ ಇದೀನಿ ಅದಕ್ಕೆ ಸ್ವಲ್ಪ ಸೇರಿಸ್ತೀನಿ. ಕರ್ನಾಟಕದಲ್ಲಿ 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ ಆದೇಶ ಬಂತು, ಊರೂರಲ್ಲಿ ಗ್ರಾಮ ಅರಣ್ಯ ಸಮಿತಿ ಮಾಡಿದ್ರು, ಹೆಣ್ಣುಮಕ್ಕಳಿಗೂ ಜಾಗ ಇತ್ತು. ಆದ್ರೆ ಸಮಿತಿಯಲ್ಲಿ ಒಬ್ರೋ ಇಬ್ರೋ ಹೆಂಗಸರಿದ್ರೆ ಅವರು ಮಾತಾಡಲ್ಲ, ಸಹಿ ಮಾಡಿ ಚಾ ಮಾಡಿಕೊಟ್ಟು ಹೋಗ್ತಾರೆ. ಬೀನಾ ಅಗರ್‌ವಾಲ್ ಅಂತ ಅರ್ಥಶಾಸ್ತ್ರಜ್ಞೆ ಗುಜರಾತ್ ಮತ್ತು ನೇಪಾಳದ ಸಮುದಾಯ ಅರಣ್ಯಗಳನ್ನ ನೋಡಿ ಹೇಳಿರೋದು ಏನಂದ್ರೆ, ಸಮಿತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಹೆಂಗಸರು ಇದ್ದಾಗ ಮಾತ್ರ ಅವರ ದನಿ ಏಳುತ್ತೆ, ಅವರು ಹೆಚ್ಚಿರೋ ಕಡೆ ಕಾಡೂ ಚೆನ್ನಾಗಿ ಚಿಗುರಿದೆ. ಬಡ, ಜಮೀನಿಲ್ಲದ ಹೆಂಗಸರು ಇದ್ರೆ ಇನ್ನೂ ಗಟ್ಟಿಯಾಗಿ ಮಾತಾಡ್ತಾರೆ ಅಂತಾನೂ ಇದೆ. ನೇಪಾಳದಲ್ಲಂತೂ ಈಗ ಸಮಿತಿಯ ಅರ್ಧ ಜಾಗ ಹೆಂಗಸರಿಗೆ ಇಡಬೇಕು ಅಂತ 2009ರ ಮಾರ್ಗಸೂಚಿ ಇದೆ.

ಸಂಖ್ಯೆ ಸಿಗಬೇಕಂದ್ರೆ ಬರವಣಿಗೆಗೆ ಬರಲೇಬೇಕು. ಹಾಗಾಗಿ ನನ್ನ ವೋಟು ಬರೆಯೋದಕ್ಕೆ.

ಹಾನಗಲ್ಲ ಹಳಬ:
ತಂಗೀ ಓದಿದ್ದು ಛಲೋ ಐತಿ. ಆದ್ರ ಆ ಸಮಿತಿ ಪುಸ್ತಕ ನಮ್ಮೂರಾಗೂ ಇತ್ತು, ಅದರಾಗ ಸತ್ತಾಕಿ ಒಬ್ಬಾಕಿ ಸಹಿ ವರ್ಷಗಟ್ಟಲೆ ಬಂದೈತಿ.

ರಾಣೇಬೆನ್ನೂರ ರೈತ:
ಎಲ್ಲಾರೂ ಹೊಗಳಾಕತ್ತೀರಿ, ನಾ ಸ್ವಲ್ಪ ಖಾರ ಹಾಕ್ತೀನಿ ಸಿಟ್ಟಾಗಬ್ಯಾಡ್ರಿ. ನಮ್ಮದು ಕೃಷ್ಣಮೃಗದ ಧಾಮದ ಬಾಜೂ, 1974ರಾಗ ಆಗಿದ್ದು, 119 ಚದರ ಕಿಲೋಮೀಟರ್, ತುಂಬಾ ನೀಲಗಿರಿ. ರಾತ್ರಿ ಆತಂದ್ರ ಹುಲ್ಲೆಕರ ಹೊಲಕ್ಕ ಇಳೀತಾವ, ಗೋವಿನಜ್ವಾಳ ಸೇಂಗಾ ಏನೂ ಬಿಡೂದಿಲ್ಲ, ಹಂದಿ ಕಾಟ ಬ್ಯಾರೆ. ಅದು ಇರಲಿ. ನಮ್ಮೂರ ಗೋಮಾಳದಾಗ ಊರಿನ ದೊಡ್ಡ ಕುಳ ಒಬ್ಬಾಂವ ತಂತಿ ಬೇಲಿ ಹಾಕಿದ. ದನ ಹೋಗೂ ಹಾದಿ ಬಂದ್ ಆತು. ನಮ್ಮ ಹೆಣ್ಮಕ್ಕಳೂ ಅವನ ಮನಿಗೆ ಹೋದ್ರು, ಅವನ ಹೇಂತಿ ಕೂಡ ಮಾತಾಡಿದ್ರು, ಆಕಿನೂ ಹೌದವ್ವ ಹೌದವ್ವ ಅಂದ್ಲು, ಉಡಿ ತುಂಬಿ ಕಳಿಸಿದ್ಲು. ಬೇಲಿ ಹಂಗ ಐತಿ. ಆಕಿ ಮಾತು ಆಕಿ ಗಂಡ ಕೇಳಬೇಕಲ್ಲ.

ನಿಮ್ಮಲ್ಲಿ ಯಾಕ ನಡೀತು ಅಂದ್ರ ಎರಡೂ ಕಡಿ ಹೆಚ್ಚು ಕಡಿಮಿ ಒಂದ ತೂಕದ ಮಂದಿ, ನಾಳೆ ಮತ್ತ ಒಂದ ಬಾವಿಗೆ ಒಂದ ಗಿರಣಿಗೆ ಬರವರು. ಬಳಸೂ ಜಗಳ ಅದು. ನುಂಗೂ ಜಗಳಕ್ಕ ಇದು ನಡಿಯೂದಿಲ್ಲ, ಅಲ್ಲಿ ತಹಶೀಲ್ದಾರ್, ಕೋರ್ಟು, ಕಾಗದಾನ ಬೇಕು.

ಮುಂಡರಗಿ ಮಗಳು:
ನೀವು ಹೇಳಿದ್ದು ಸುಳ್ಳಲ್ಲ. ಗಣಿ ಬಂದಾಗ ನಮ್ಮ ಹಿರೇರೂ ಉಡಿ ತುಂಬಾಕ ಹೋಗಲಿಲ್ಲ, ಧರಣಿಗೆ ಹೋದ್ರು. ಯಾವ ಜಗಳಕ್ಕ ಯಾವ ಬಾಗಲಾ ಬಡಿಬೇಕು ಅಂತ ಅವರಿಗೆ ಗೊತ್ತಿತ್ತು ಅನಸತೈತಿ.

ತಾಂಡಾದಾಕಿ:
ಎಲ್ಲಾ ಓದಿದೆ. ನಾನೂ ಗುಡ್ಡದ ಬುಡದಾಗಿನಾಕಿ, ಯಾವ ತಾಂಡಾ ಅಂತ ಕೇಳಬ್ಯಾಡ್ರಿ. ಮುಂಡರಗಿ ಅಕ್ಕಾರ ಊರದು ಏನೋ ನನಗ ಗೊತ್ತಿಲ್ಲ ಆದ್ರ ಇಂಥ ಕಟ್ಟು ನಮ್ಮ ಕಡಿನೂ ಮಾಡ್ಯಾರ, ಅದರ ಇನ್ನೊಂದು ಮಗ್ಗಲಾ ಹೇಳ್ತೀನಿ.

ಎರಡು ಊರವರು ಕೂಡಿದ್ರು, ಗುಡಿಯಾಗ ಕೂಡಿದ್ರು. ನಮ್ಮನ್ನ ಯಾರು ಕರದ್ರು? ತವರು ಮನಿ ಸಂಬಂಧ ಇದ್ದವರು ಮಾತಾಡಿಕೊಂಡ್ರು, ನಮಗೂ ನಿಮಗೂ ಕೊಡೂದು ತರೂದು ಇಲ್ಲ, ಹಂಗಾಗಿ ಮಾತೂ ಇಲ್ಲ. ಕಟ್ಟು ಮಾತ್ರ ನಮಗೂ ಹತ್ತಿತು. ಒಂದ ಉದ್ದ ಹಗ್ಗ ಅಂದ್ರ ಕೇಳಾಕ ನ್ಯಾಯ ಅನಸತೈತಿ. ನಾಲ್ಕು ಎಕರೆ ಇದ್ದಾಕಿಗೆ ಹೊಲದಾಗ ತೊಗರಿ ಕಟಗಿ ಐತಿ, ಹತ್ತಿ ಕಟಗಿ ಐತಿ, ಸಗಣಿ ಕುಳ್ಳು ಐತಿ, ಗುಡ್ಡದ ಹೊರಿ ಮ್ಯಾಲಿಂದು. ನಮ್ಮವ್ವಗ ಆ ಹೊರಿನ ಎಲ್ಲಾ. ಅರ್ಧ ಒಲಿಗೆ, ಅರ್ಧ ಪ್ಯಾಟಿಗೆ. ಪ್ಯಾಟ್ಯಾಗ ಮಾರಿ ಬಂದ ರೊಕ್ಕದಾಗ ಎಣ್ಣಿ ಉಪ್ಪು ತರಬೇಕು. ಹಗ್ಗ ಒಂದ ಉದ್ದ ಇದ್ರೂ ಹೊಟ್ಟಿ ಒಂದ ಅಲ್ಲ.

ಮತ್ತ ಸಿಕ್ಕಿಬಿದ್ರ ಬಾಣಂತಿ ಮನಿಗೆ ಹೊರಿ ಹಾಕಿ ಚಾ ಕುಡದು ಬಾ ಅಂತೀರಿ. ನಮ್ಮಾಕಿ ಹೋದ್ರ ಒಳಗ ಕರದು ಚಾ ಕೊಡ್ತಾರೇನ್ರಿ? ಹೊರಗ ನಿಂದ್ರಿಸಿ ಹೊರಿ ಇಳಿಸಿಕೊಂಡು ಕಳಿಸಿದ್ರು. ನಿಮಗ ಅದು ಬಾಂಧವ್ಯ, ನಮಗ ಬರೇ ದಂಡ.

ಆಮ್ಯಾಲೆ ಏನಾತು ಅಂದ್ರ, ನಮ್ಮ ತಾಂಡಾದ ಹೆಣ್ಮಕ್ಕಳೂ ಕೂಡಿದ್ವಿ. ಬ್ಯಾಸಗಿಯೊಳಗ ಬೆಂಕಿ ಬಿದ್ರ ಮೊದಲ ಕಾಣೂದು ನಮಗ, ಮ್ಯಾಲ ಇರವರು ನಾವು. ನಾವು ಹೇಳಿದ್ವಿ, ಮಾತಿಗೆ ಕರೀಲಿಲ್ಲ ಅಂದ್ರ ಬೆಂಕಿಗೂ ಕರೀಬ್ಯಾಡ್ರಿ. ಆವಾಗ ಬಂದ್ರು. ಮಾತು ಎಲ್ಲಿ ಆತು ಗೊತ್ತೇನ್ರಿ, ಶಾಲಿ ಅಂಗಳದಾಗ, ಗುಡಿ ಬ್ಯಾಡ ಅಂತ ನಾವ ಹೇಳಿದ್ವಿ. ಹೊಲ ಇಲ್ಲದಾಕಿಗೆ ಹಗ್ಗ ಒಂದೂವರಿ ಉದ್ದ ಅಂತ ಆತು, ಹೊಲ ಇದ್ದಾಕಿಗೆ ಸುಗ್ಗಿ ಮುಗದ ಮ್ಯಾಲೆ ಎರಡು ತಿಂಗಳು ಗುಡ್ಡ ಬಂದ್, ತೊಗರಿ ಕಟಗಿ ಸುಡಲಿ. ಇದಕ್ಕ ಒಪ್ಪಸಾಕ ಎಷ್ಟು ಬೈಸಿಕೊಂಡ್ವಿ ಅಂತ ದೇವರಿಗೆ ಗೊತ್ತು. ಇವತ್ತಿಗೂ ಒಬ್ಬಾಕಿ ನನ್ನ ಮುಖ ನೋಡೂದಿಲ್ಲ.

ಅದಕ್ಕ ನನ್ನ ಮಾತು, ಬರೀರಿ. ಬಾಯಿ ಮಾತಿನ್ಯಾಗ ಯಾವಾಗಲೂ ಬಾಯಿ ದೊಡ್ಡದಿದ್ದವರ ಗೆಲ್ಲೂದು.

ಧಾರವಾಡ ಓದಾಕಿ:
ಅಕ್ಕಾ ಇದನ್ನ ಓದಿ ಏನು ಬರೀಬೇಕೋ ತಿಳೀತಿಲ್ಲ. ಜಮೀನಿಲ್ಲದವರಿಗೆ ಹಗ್ಗ ಉದ್ದ ಅನ್ನೋದು ಯಾವ ಸರ್ಕಾರಿ ಆದೇಶದಲ್ಲೂ ನಾನು ನೋಡಿಲ್ಲ.

ತಾಂಡಾದಾಕಿ:
ಆದೇಶ ಮಾಡವರು ಹೊರಿ ಹೊತ್ತಿರಂಗಿಲ್ಲ ತಂಗಿ.

ಕಲಘಟಗಿ ಕಡೆಯಂವ:
ಒಂದು ಹೇಳ್ತೀನಿ ತಪ್ಪು ತಿಳೀಬ್ಯಾಡ್ರಿ. ಪ್ಯಾಟಿಗೆ ಮಾರೂದನ್ನ ಇಲ್ಲಿ ಬಹಿರಂಗ ಬರದದ್ದು ಛಲೋ ಅಲ್ಲ. ಕಾಯ್ದೆ ಕಾಕಾ ಮ್ಯಾಲೆ ಹೇಳ್ಯಾರಲ್ಲ, ಸ್ವಂತ ಬಳಕಿ ಅಂದ್ರ ಒಂದು ಲೆಕ್ಕ, ಮಾರಾಟ ಅಂದ್ರ ಇನ್ನೊಂದು.

ತಾಂಡಾದಾಕಿ:
ಗೊತ್ತದಣ್ಣ. ಅದಕ್ಕ ತಾಂಡಾ ಹೆಸರ ಬರೀಲಿಲ್ಲ.

ಕಾಯ್ದೆ ಕಾಕಾ:
ಅರಣ್ಯ ಹಕ್ಕು ಕಾಯ್ದೆದಾಗ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರೂ ಹಕ್ಕು ಐತಿ, ಆದ್ರ ಕಿರು ಉತ್ಪನ್ನದ ಪಟ್ಟಿದಾಗ ಬಿದಿರು, ಜೇನು, ಮೇಣ, ತೂಪ್ರಿ ಎಲಿ, ಔಷಧಿ ಗಿಡ, ಬೇರು ಗಡ್ಡಿ ಇಂಥಾವು ಬರತಾವ. ಕಟಗಿ ಬಗ್ಗೆ ಅಷ್ಟು ಸರಳಿಲ್ಲ, ನಿಸ್ತಾರ ಹಕ್ಕು, ಅಂದ್ರ ಊರವರು ಮೊದಲಿಂದ ಕಾಡು ಬಳಸಿಕೊಂಡು ಬಂದ ಹಕ್ಕು, ಅದರ ಕೆಳಗ ಮನಿ ಬಳಕಿಗೆ ಕೇಳಬಹುದು. ಪ್ಯಾಟಿ ಹೊರಿ ಬದಲಿ ನೆಲ್ಲಿ, ಸೀತಾಫಲ, ಕವಳಿ ಹಣ್ಣು ಹಕ್ಕಿನ್ಯಾಗ ಬರಸ್ರಿ, ಗದಗ ಪ್ಯಾಟ್ಯಾಗ ಸೀತಾಫಲಕ್ಕ ರೇಟ್ ಛಲೋ ಐತಿ. ಅದಕ್ಕ ಗಿಡ ಕಡಿಯೂದೂ ಬ್ಯಾಡ.

ರಾಣೇಬೆನ್ನೂರ ರೈತ:
ಸೀತಾಫಲ ಎರಡು ತಿಂಗಳು ಕಾಕಾ. ಒಲಿ ಹನ್ನೆರಡು ತಿಂಗಳು.

ಮುಂಡರಗಿ ಮಗಳು:
ಎರಡು ದಿನ ಇಲ್ಲಿ ಬರಾಕ ಆಗಲಿಲ್ಲ, ಇದನ್ನೆಲ್ಲಾ ಒಯ್ದು ನಮ್ಮ ಹಿರೇರ ಮುಂದ ಓದಿ ಹೇಳಿದೆ, ಮೊಬೈಲ್ ಹಿಡಕೊಂಡು, ರೊಟ್ಟಿ ಬಡಿಯೂ ಸಪ್ಪಳದಾಗ. ಕುಸನೂರಿಂದು ಕೇಳಿ ಒಬ್ಬಾಕಿ ನಮ್ಮಕ್ಕನ ಗಂಡ ಹೋಗಿದ್ದ ಅಂದ್ಲು. ತಾಂಡಾದ ಅಕ್ಕ ಬರದದ್ದು ಓದಿದಾಗ ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು, ಆಮ್ಯಾಲೆ ಒಬ್ಬಾಕಿ ಸಿಟ್ಟಿಗೆದ್ದು "ನಾವೇನು ಅವರನ್ನ ಬ್ಯಾಡ ಅಂದೀವೇನು" ಅಂದ್ಲು, ಇನ್ನೊಬ್ಬಾಕಿ "ಕರದೂ ಇಲ್ಲಲ್ಲ" ಅಂದ್ಲು. ಅಲ್ಲೇ ಜಗಳ. ನಮ್ಮೂರ ಮ್ಯಾಲಿನ ತಾಂಡಾಕ್ಕ ಈ ಕಟ್ಟು ತಿಳಿಸಿದ್ದು ಹುಡುಗುರ ಕೈಲೆ, ಅದೂ ಕಟ್ಟು ಆದ ಮ್ಯಾಲೆ.

ಬರಿಯೂ ಮಾತಿಗೆ ಹಿರೇ ಆಯಿ ಹೇಳಿದ್ದು ನನಗ ಸರಿ ಅನಸಿತು. ಹಗ್ಗದ ಉದ್ದ, ವಾರ, ದಂಡ ಇವನ್ನ ಬರೀಬ್ಯಾಡ್ರಿ, ಯಾಕಂದ್ರ ಮಳಿ ಹೋದ ವರ್ಷ ಅವನ್ನ ಬದಲಿ ಮಾಡಬೇಕಾಗತೈತಿ, ಬರದ್ರ ಬದಲಿ ಮಾಡಾಕ ಮತ್ತ ಮೆಂಬರ್ ಮನಿ ಬಾಗಲಾ ಕಾಯಬೇಕು. ಬರಗಾಲ ಬಿದ್ದಾಗ ದೀಪಾವಳಿ ತನಕ ಕಾಯಾಕ ದನ ಉಳದಿರಬೇಕಲ್ಲ ಅಂದ್ಲು. ಬರೀಬೇಕಾಗಿದ್ದು ಎರಡ, ಈ ಗುಡ್ಡಕ್ಕ ನಮ್ಮ ಅವ್ವಂದಿರು ಹತ್ತತಿದ್ರು ಅನ್ನೂದು, ಮತ್ತ ಕಟ್ಟು ಮಾಡೂ ಮುಂದ ಯಾರ್ಯಾರು ಕುಂದರಬೇಕು ಅನ್ನೂದು. ಎರಡನೇದು ನಿಮ್ಮ ಮಾತು ಕೇಳಿ ಸೇರಿಸಿದ್ದು ತಾಂಡಾ ಅಕ್ಕಾರ. ಎರಡೂ ಊರು, ತಾಂಡಾ, ಮೂರೂ ಕಡಿ ಹೆಣ್ಮಕ್ಕಳು ಇಲ್ಲದ ಯಾವ ಕಟ್ಟೂ ನಡಿಯಂಗಿಲ್ಲ ಅಂತ.

ಕಾಯ್ದೆ ಕಾಕಾ ಇದು ನಡೀತೈತೇನ್ರಿ?

ಕಾಯ್ದೆ ಕಾಕಾ:
ನಡೀತೈತಿ, ಛಲೋನೂ ಐತಿ. ಹಕ್ಕಿನ ಅರ್ಜಿ ನಮೂನೆ ಬಿ, ಹಿರಿಯರ ಹೇಳಿಕೆ ಜತಿ ಹಚ್ಚರಿ. ಯಾರು ಕುಂದರಬೇಕು ಅನ್ನೂದನ್ನ ಗ್ರಾಮಸಭೆ ನಡಾವಳಿದಾಗ ಬರಸ್ರಿ. ಒಂದು ಎಚ್ಚರ, ಗ್ರಾಮಸಭೆ ಅಂದ್ರ ಇಲ್ಲಿ ಪಂಚಾಯ್ತಿ ಮಟ್ಟದ ಮೀಟಿಂಗ್ ಅಲ್ಲ, ಆ ಊರಿನ, ಆ ತಾಂಡಾದ ಎಲ್ಲಾ ವಯಸ್ಕರ ಸಭೆ. ಕೋರಂ ಕಮ್ಮಿ ಬಿದ್ರ ಮ್ಯಾಲಿನವರು ಅದ ನೆಪ ಮಾಡಿ ವಾಪಸ್ ಕಳಸ್ತಾರ. ಮತ್ತ ಹೇಳಿಕೆ ಕೊಡವರು ಅರ್ಜಿದಾರರು ಇರಬಾರದು, ಹಂಗಾಗಿ ನಿಮ್ಮೂರಿನ ಹಕ್ಕಿಗೆ ಬಾಜೂ ಊರಿನ ಹಿರೇ ಹೆಣ್ಮಕ್ಕಳು ಹೇಳಿಕೆ ಕೊಡಲಿ, ಅವರ ಹಕ್ಕಿಗೆ ನಿಮ್ಮವರು.

ಹಾನಗಲ್ಲ ಹಳಬ:
ಜಗಳಾಡಿದವರ ಒಬ್ಬರಿಗೊಬ್ಬರು ಸಾಕ್ಷಿ! ಭಾರಿ ಆತು.

ಧಾರವಾಡ ಓದಾಕಿ:
ಹೇಳಿಕೆ ಬರ್ಕೊಳ್ಳೋಕೆ ನಾನು ಬರ್ತೀನಿ ಅಕ್ಕಾ, ಅವರು ಹೇಳಿದ ಹಾಗೇ ಅವರ ಮಾತಲ್ಲೇ ಬರೀತೀನಿ.

ತಾಂಡಾದಾಕಿ:
ಛಲೋ ಆಗೇತಿ ಮುಂಡರಗಿ ಅಕ್ಕಾರ. ಆದ್ರ ಸಭೆ ಯಾವಾಗ ಇಡ್ತೀರಿ ಮೊದಲ ನೋಡ್ರಿ. ದೀಪಾವಳಿ ಆದ ಮ್ಯಾಲೆ ಇಟ್ರ ತಾಂಡಾದಾಗ ಮುದುಕರು ಸಣ್ಣ ಹುಡುಗರು ಬಿಟ್ರ ಯಾರೂ ಇರಂಗಿಲ್ಲ, ಅರ್ಧ ಮಂದಿ ಗೋವಾಕ್ಕ, ಅರ್ಧ ಮಂದಿ ಕಬ್ಬು ಕಡಿಯಾಕ ಗುಳೇ ಹೋಗಿರ್ತೀವಿ. ಕೋರಂ ಎಲ್ಲಿಂದ ಬರತೈತಿ?

ಮುಂಡರಗಿ ಮಗಳು:
ಇದು ನಮ್ಮ ಯಾರ ತಲ್ಯಾಗೂ ಬಂದಿರಲಿಲ್ಲ. ಮೆಂಬರ್ ಕಾರ್ತೀಕದಾಗ ಇಡೂಣು ಅಂತಿದ್ರು, ಸುಗ್ಗಿ ಕೆಲಸ ನೋಡಿಕೊಂಡು. ಸೀಗಿ ಹುಣ್ಣಿಮಿ ಒಳಗ ಇಡ್ರಿ ಅಂತ ನಾಳೆ ಹೋಗಿ ಹೇಳ್ತೀನಿ, ಒಬ್ಬಾಕಿ ಹೋದ್ರ ಕೇಳೂದಿಲ್ಲ, ಆ ಮೂವರನ್ನೂ ಕರಕೊಂಡು ಹೊಕ್ಕೀನಿ. ನಮೂನೆ ಬಿ ಕನ್ನಡದಾಗಿನ ಪಿಡಿಎಫ್ ಯಾರ ಕಡಿ ಐತಿ ಇಲ್ಲೇ ಹಾಕ್ರಿ.